ಬೆಂಚು ಸಿಕ್ಕರಷ್ಟೇ ಬಿಯರ್

ಮ್ಯೂನಿಕ್‌ನ ಥೆರೇಸಿಯನ್‌ವೀಸ ನಿಲ್ದಾಣದಲ್ಲಿ ಮೆಟ್ರೊ ಇಳಿದರೆ ದಾರಿ ಕೇಳಬೇಕಿಲ್ಲ, ಜನಪ್ರವಾಹವೇ ‘ಅಕ್ಟೋಬರ್‌ಫೆಸ್ಟ್’ ಬಿಯರ್ ಹಬ್ಬದ ಬಯಲಿಗೆ ಎಳೆದೊಯ್ಯುತ್ತದೆ. ನಮ್ಮ ತಂಡದಲ್ಲಿ 28 ಮಂದಿ. ‘ತಪ್ಪಿಸಿಕೊಂಡರೆ ಬವೇರಿಯಾ ಪ್ರತಿಮೆಯ ಹತ್ತಿರ ಬನ್ನಿ’ ಎಂದಿದ್ದರು ಗೈಡ್. ಪಕ್ಕದಲ್ಲಿ ಸಿಂಹವನ್ನು ನಿಲ್ಲಿಸಿಕೊಂಡ ಆ ಕಂಚಿನ ಹೆಣ್ಣು 18 ಮೀಟರ್‌ಗೂ ಎತ್ತರ. ಜಾತ್ರೆಯಲ್ಲಿ ತೇರಿನ ಕಳಶ ಕಂಡಂತೆ ದೂರಕ್ಕೇ ಕಾಣುತ್ತಾಳೆ.

ಜಾತ್ರೆ ಎಂದದ್ದು ಸುಮ್ಮನಲ್ಲ. 1810ರ ಅಕ್ಟೋಬರ್‌ನಲ್ಲಿ ಯುವರಾಜ ಲುಡ್ವಿಗ್‌ನ ಮದುವೆಗೆಂದು ಇಲ್ಲಿ ಕುದುರೆ ಓಟ ನಡೆಯಿತು. ಮದುಮಗಳು ಥೆರೇಸಾಳ ಹೆಸರು ಬಯಲಿಗೆ ಬಂತು. ಮರುವರ್ಷ ಕೃಷಿ ಮೇಳವೂ ಸೇರಿತು. ಊರಿನವರು ಇವತ್ತಿಗೂ ಇದನ್ನು ‘ವೀಸ್ನ್’ ಎನ್ನುತ್ತಾರೆ, ಅಂದರೆ ಹುಲ್ಲುಗಾವಲು. ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಶುರುವಾಗುವುದು ಸೆಪ್ಟೆಂಬರ್‌ನಲ್ಲೇ, ಚಳಿ ಬೀಳುವ ಮೊದಲು.

ಮುಖ್ಯ ದ್ವಾರದಲ್ಲಿ ಒಂದು ಸ್ಮಾರಕವಿದೆ. 1980ರ ಸೆಪ್ಟೆಂಬರ್ 26ರ ರಾತ್ರಿ ಇಲ್ಲಿ ಬಲಪಂಥೀಯ ಉಗ್ರನೊಬ್ಬ ಇಟ್ಟ ಬಾಂಬಿಗೆ 12 ಮಂದಿ ಬಲಿಯಾದರು, ಅವನೂ ಸತ್ತ. ಒಳಗಿನ ಸಂಗೀತ ಅಲ್ಲಿಗೂ ಕೇಳುತ್ತದೆ. ಅವಸರದಲ್ಲಿದ್ದರೂ ಒಂದು ನಿಮಿಷ ನಿಂತು ಹೋಗಬೇಕಾದ ಜಾಗ.

ಡೇರೆಗಳಿಗೆ ಪ್ರವೇಶ ಉಚಿತ. ಆದರೆ ಕೂರಲು ಜಾಗ ಸಿಗದವರಿಗೆ ಬಿಯರ್ ಕೊಡುವುದಿಲ್ಲ. ದೊಡ್ಡ ಗುಂಪುಗಳು ತಿಂಗಳುಗಟ್ಟಲೆ ಮೊದಲೇ ಮೇಜು ಕಾಯ್ದಿರಿಸುತ್ತವೆ. ನಾವು ಕಾಯ್ದಿರಿಸಿರಲಿಲ್ಲ. ಹಾಗಾಗಿ ತಂಡ ಇಬ್ಬಿಬ್ಬರಾಗಿ ಒಡೆಯಿತು. ಈ ಹಬ್ಬ ನಮಗೆ ಸಿಕ್ಕಿದ್ದೇ ಹಾಗೆ ಒಡೆದ ಮೇಲೆ. ಒಬ್ಬ ಅಜ್ಜಿ ತಮ್ಮ ಯಜಮಾನರ ಕಡೆಗೆ ಸರಿದು, ಬೆಂಚಿನ ಖಾಲಿ ತುದಿಯನ್ನು ಅಂಗೈಯಿಂದ ತಟ್ಟಿ ತೋರಿಸಿದರು. ನಮಗೆ ಜರ್ಮನ್ ಬಾರದು, ಅವರಿಗೆ ಇಂಗ್ಲಿಷ್ ಬಾರದು.

ಒಂದು ಲೀಟರಿನ ಗಾಜಿನ ಮಗ್ ತುಂಬಿದಾಗ ಎರಡು ಕಿಲೋ ದಾಟುತ್ತದೆ. ಬಡಿಸುವ ಹೆಂಗಸು ಅಂಥ ಹತ್ತನ್ನು ಎದೆಗವಚಿಕೊಂಡು ಜನರ ನಡುವೆ ನುಸುಳಿ ಬಂದರು. ಅವರ ಮುಂಗೈ ನರಗಳನ್ನು ನೋಡಿದ ಮೇಲೆ ಇಲ್ಲಿ ದುಡಿಮೆ ಯಾರದೆಂದು ಹೇಳಬೇಕಿಲ್ಲ. ಮ್ಯೂನಿಕ್‌ನ ಆರು ಬ್ರೂವರಿಗಳ ಬಿಯರ್ ಮಾತ್ರ ಇಲ್ಲಿಗೆ ಬರುತ್ತದೆ. ಕುಡಿಯದ ನನ್ನ ಹೆಂಡತಿಗೆ ಸೋಡಾ ಬೆರೆಸಿದ ಸೇಬಿನ ರಸ, ಅಂಗೈಗಿಂತ ದೊಡ್ಡ ಪ್ರೆಟ್ಸೆಲ್, ಚೀಸ್‌ನಲ್ಲಿ ಬೆಂದ ನೂಡಲ್ಸ್ ಸಿಕ್ಕವು. ಸಸ್ಯಾಹಾರಿಗಳು ಹಸಿದುಕೊಂಡು ಬರಬೇಕಿಲ್ಲ.

ವಾದ್ಯಮೇಳ ‘ಐನ್ ಪ್ರೋಸಿಟ್’ ನುಡಿಸಿದಾಗಲೆಲ್ಲ ಇಡೀ ಡೇರೆ ಮಗ್ ಎತ್ತುತ್ತದೆ. ಅಜ್ಜಿ ಪ್ರತಿ ಸಲವೂ ನನ್ನವಳ ಸೇಬಿನ ರಸಕ್ಕೆ ಮಗ್ ತಾಗಿಸಿ, ಕಣ್ಣಲ್ಲಿ ಕಣ್ಣಿಟ್ಟು ನಕ್ಕರು.

ಹೊತ್ತಾಯಿತೆಂದು ನಾವು ಎದ್ದೆವು. ನಡುದಾರಿಯಲ್ಲಿ ಇಬ್ಬರು ಹುಡುಗಿಯರು ಜಾಗ ಹುಡುಕುತ್ತ ನಿಂತಿದ್ದರು. ಅಜ್ಜಿ ಮತ್ತೆ ಬೆಂಚು ತಟ್ಟಿದರು.