ಬರೆದದ್ದಾಯಿತು, ಇಡುವುದೆಲ್ಲಿ?

ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ನಡೆಯುವ ಒಂದು ಬಗೆಯ ಬರವಣಿಗೆಯ ವಿಷಯ ಬಹಳಷ್ಟು ತಂದೆ-ತಾಯಿಯರಿಗೆ ತಿಳಿದಿರಲಾರದು. ಅದು ಪರೀಕ್ಷೆಯ ಉತ್ತರವಲ್ಲ, ಪ್ರಾಜೆಕ್ಟ್ ವರದಿಯೂ ಅಲ್ಲ. ಮೂರು ದಿನ ಕೈಕೊಟ್ಟ ಒಂದು ಪ್ರೋಗ್ರಾಂ ನಾಲ್ಕನೆಯ ದಿನ ಸರಿಹೋದಾಗ, ಅದು ಕೆಟ್ಟಿದ್ದೇಕೆ, ಸರಿಯಾದದ್ದು ಹೇಗೆ ಎಂಬುದನ್ನು ಹುಡುಗನೋ ಹುಡುಗಿಯೋ ಎರಡು ಮೂರು ಪುಟಗಳಲ್ಲಿ ಬರೆದು ಅಂತರಜಾಲದಲ್ಲಿ ಪ್ರಕಟಿಸುವುದು. ಓದಿದವರಿಗೆ ಮೂರು ದಿನದ ಪರದಾಟ ತಪ್ಪುತ್ತದೆ. ಬರೆದವರಿಗೆ ಸಿಗುವ ಲಾಭ ಬೇರೆ. ಯೋಚಿಸುವ ಕ್ರಮ, ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವ ಶಕ್ತಿ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಸಂದರ್ಶನದಲ್ಲಿ ಅದನ್ನು ತೋರಿಸಲು ಇಂಥ ನಾಲ್ಕು ಲೇಖನಗಳಿದ್ದರೆ ಸಾಕು.

ಸರಿ, ಬರೆದದ್ದಾಯಿತು. ಪ್ರಕಟಿಸುವುದೆಲ್ಲಿ? ಪತ್ರಿಕೆಗೆ ಕಳಿಸಿ ಸಂಪಾದಕರ ಪತ್ರಕ್ಕಾಗಿ ಕಾಯುವ ಪ್ರಮೇಯ ಇಲ್ಲಿಲ್ಲ. ಗುಂಡಿ ಒತ್ತಿದರೆ ಪ್ರಕಟವಾಯಿತು. ಅಷ್ಟು ಸುಲಭವಾದದ್ದರಿಂದಲೇ ಜಾಗವನ್ನು ಆಯ್ದುಕೊಳ್ಳುವ ವಿಷಯದಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ನೇಹಿತ ಎಲ್ಲಿ ಬರೆದನೋ ಅಲ್ಲೇ ತಾನೂ ಬರೆಯುವುದು ವಾಡಿಕೆ. ನಾಲ್ಕೈದು ವರ್ಷ ಕಳೆದ ಮೇಲೆ ಈ ಉದಾಸೀನದ ಬೆಲೆ ಗೊತ್ತಾಗುತ್ತದೆ.

ಮುಳುಗಿದ ಊರುಗಳು

೧೯೯೪ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ತಾಣ ಜನಸಾಮಾನ್ಯರಿಗೆ ಪುಕ್ಕಟೆ ಪುಟಗಳನ್ನು ಕೊಟ್ಟಿತು. ಲಕ್ಷಾಂತರ ಮಂದಿ ಅಲ್ಲಿ ತಮ್ಮ ಪುಟ ಕಟ್ಟಿಕೊಂಡರು. ೧೯೯೯ರಲ್ಲಿ ಯಾಹೂ ಅದನ್ನು ಕೊಂಡಿತು. ೨೦೦೯ರ ಅಕ್ಟೋಬರಿನಲ್ಲಿ ಮುಚ್ಚಿಯೇ ಬಿಟ್ಟಿತು. ಕೆಲವು ಸ್ವಯಂಸೇವಕರು ಓಡಿಬಂದು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿಟ್ಟರು, ಅಷ್ಟೇ. ಗೂಗಲ್ ೨೦೦೮ರಲ್ಲಿ ಲೇಖಕರಿಗಾಗಿ ತೆರೆದ 'ನಾಲ್' ಎಂಬ ತಾಣ ೨೦೧೨ರಲ್ಲಿ ಕಣ್ಮುಚ್ಚಿತು. ಪೋಸ್ಟರಸ್ ಎಂಬ ಇನ್ನೊಂದು ತಾಣವನ್ನು ಟ್ವಿಟರ್ ಕಂಪನಿ ೨೦೧೨ರಲ್ಲಿ ಕೊಂಡುಕೊಂಡು ೨೦೧೩ರ ಏಪ್ರಿಲ್ ಕೊನೆಗೆ ಬಾಗಿಲು ಹಾಕಿತು. ಪ್ರೋಗ್ರಾಮರುಗಳ ಪ್ರಶ್ನೋತ್ತರಕ್ಕೆ ಹೆಸರಾದ ಸ್ಟ್ಯಾಕ್ ಓವರ್‌ಫ್ಲೋ ಕೂಡ ೨೦೧೬ರಲ್ಲಿ 'ಡಾಕ್ಯುಮೆಂಟೇಶನ್' ಎಂಬ ಹೊಸ ವಿಭಾಗ ತೆರೆದು, ಜನರಿಂದ ಬರೆಸಿ, ಮರುವರ್ಷವೇ ನಿಲ್ಲಿಸಿತು. ಸಣ್ಣಪುಟ್ಟ ಕಂಪನಿಗಳ ಮಾತು ಇದಲ್ಲ ಎಂಬುದನ್ನು ಗಮನಿಸಬೇಕು.

ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರುಗಳನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಒಂದು ವ್ಯತ್ಯಾಸವೆಂದರೆ, ಇಲ್ಲಿ ಪರಿಹಾರದ ಮಾತೇ ಇಲ್ಲ.

ಬಾಗಿಲು ಮುಚ್ಚದಿದ್ದರೂ ಮನೆಯ ನಿಯಮ ಬದಲಾಗಬಹುದು. ಇದಕ್ಕೆ ಮೀಡಿಯಂ ತಾಣವೇ ಉದಾಹರಣೆ. ಟ್ವಿಟರ್ ಸ್ಥಾಪಕರಲ್ಲೊಬ್ಬರಾದ ಇವಾನ್ ವಿಲಿಯಮ್ಸ್ ೨೦೧೨ರಲ್ಲಿ ಆರಂಭಿಸಿದ ಈ ತಾಣ ಬರೆಯುವವರ ಕಣ್ಮಣಿಯಾಗಿತ್ತು. ಪುಟದ ಅಂದ ಹಾಗಿತ್ತು, ಅಕ್ಷರ ಹಾಗಿತ್ತು. ೨೦೧೭ರಲ್ಲಿ ಅದು ಚಂದಾ ಪದ್ಧತಿಗೆ ತಿರುಗಿತು. ಲೇಖಕ ಒಪ್ಪಿದರೆ ಲೇಖನ ಚಂದಾದಾರರಿಗೆ ಮೀಸಲು, ಓದಿದಷ್ಟಕ್ಕೆ ಲೇಖಕನಿಗೆ ಪಾಲು. ಇದರಲ್ಲಿ ತಪ್ಪೇನೂ ಇಲ್ಲ, ಕಂಪನಿಯೂ ಬದುಕಬೇಕಲ್ಲ! ಆದರೆ ಪ್ರೋಗ್ರಾಮಿಂಗ್ ಕಲಿಯಲು ಬರುವವರು ಹೆಚ್ಚಾಗಿ ವಿದ್ಯಾರ್ಥಿಗಳು. ಅರ್ಧ ಓದುವಷ್ಟರಲ್ಲಿ ಚಂದಾ ಕೇಳಿದರೆ ಅವರು ಬೇರೆ ಕಡೆಗೆ ಹೊರಟುಬಿಡುತ್ತಾರೆ. ಪುಕ್ಕಟೆಯಾಗಿ ಪ್ರೋಗ್ರಾಮಿಂಗ್ ಕಲಿಸುವ ಫ್ರೀಕೋಡ್‌ಕ್ಯಾಂಪ್ ಸಂಸ್ಥೆ ೨೦೧೯ರಲ್ಲಿ ಮೀಡಿಯಂ ಬಿಟ್ಟು ಸ್ವಂತ ತಾಣಕ್ಕೆ ಹೋಯಿತು. ಹ್ಯಾಕರ್ ನೂನ್ ಎಂಬ ಪ್ರಕಟಣೆಯೂ ಅದೇ ವರ್ಷ ಗಂಟುಮೂಟೆ ಕಟ್ಟಿತು. ದೊಡ್ಡ ಸಂಸ್ಥೆಗಳಿಗೆ ಸಾವಿರಾರು ಲೇಖನಗಳನ್ನು ಸಾಗಿಸಲು ಕೆಲಸಗಾರರಿದ್ದರು. ಒಬ್ಬಂಟಿ ವಿದ್ಯಾರ್ಥಿಗೆ ಯಾರಿದ್ದಾರೆ?

ಸಂತೆಯೂ ಬೇಕು

ಹಾಗೆಂದ ಮಾತ್ರಕ್ಕೆ ಬೇರೆಯವರ ತಾಣಗಳ ಸಹವಾಸವೇ ಬೇಡವೆಂದಲ್ಲ. ಊರ ಹೊರಗೆ ಸ್ವಂತ ಅಂಗಡಿ ಇಟ್ಟರೆ ಕೊಳ್ಳಲು ಯಾರು ಬರುತ್ತಾರೆ? ಸಂತೆಗೆ ಹೋದರೆ ಜನ ಮೊದಲೇ ಸೇರಿರುತ್ತಾರೆ. ಹೊಸಬರಿಗೆ ಈ ಸೌಕರ್ಯ ಸಣ್ಣದಲ್ಲ.

ಇಂಥ ಸಂತೆಗಳಲ್ಲಿ ಡೆವ್ ಡಾಟ್ ಟು ಪ್ರೋಗ್ರಾಮರುಗಳಿಗೆಂದೇ ಇರುವ ತಾಣ. ಯಾರು ಬೇಕಾದರೂ ಬರೆಯಬಹುದು, ಓದಲು ಹಣವಿಲ್ಲ. ತಾಣವನ್ನು ನಡೆಸುವ ಸಾಫ್ಟ್‌ವೇರನ್ನೇ ೨೦೧೮ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಹೊಸಬರ ಸಣ್ಣ ಲೇಖನಕ್ಕೂ ಅಲ್ಲಿ ನಾಲ್ಕು ಜನರ ಒಳ್ಳೆಯ ಮಾತು ಸಿಗುತ್ತದೆ. ಅದೇ ಅದರ ದೌರ್ಬಲ್ಯವೂ ಹೌದೆನ್ನಿ. ಹೊಗಳಿಕೆ ಅಗ್ಗವಾದಲ್ಲಿ ತಪ್ಪು ತೋರಿಸುವವರು ಕಡಿಮೆ. ಹ್ಯಾಶ್‌ನೋಡ್ ಎಂಬ ಇನ್ನೊಂದು ತಾಣವನ್ನು ಕಟ್ಟಿದವರು ನಮ್ಮ ದೇಶದ ಯುವಕರಾದ ಸಂದೀಪ್ ಪಾಂಡಾ ಮತ್ತು ಫಜಲ್ ರಹಮಾನ್. ಬರೆಯುವವರು ತಮ್ಮದೇ ಡೊಮೈನ್ ಹೆಸರನ್ನು ಪುಕ್ಕಟೆಯಾಗಿ ಜೋಡಿಸಿಕೊಳ್ಳಲು ಅವಕಾಶ ಕೊಟ್ಟದ್ದರಿಂದ ಅದು ಬೇಗ ಹೆಸರು ಮಾಡಿತು. ಇದರ ಮಹತ್ವ ಇಷ್ಟು: ಓದುಗರು ಬರುವುದು ನಿಮ್ಮ ವಿಳಾಸಕ್ಕೆ. ನಾಳೆ ಬೇರೆ ಕಡೆ ಹೋದರೂ ವಿಳಾಸ ನಿಮ್ಮ ಹಿಂದೆಯೇ ಬರುತ್ತದೆ. ಇದಕ್ಕೆ ವಿರುದ್ಧವಾಗಿ ಮೀಡಿಯಂ ೨೦೧೭ರಲ್ಲಿ ಹೊಸಬರಿಗೆ ಸ್ವಂತ ಡೊಮೈನ್ ಜೋಡಿಸುವ ಸೌಲಭ್ಯವನ್ನೇ ನಿಲ್ಲಿಸಿ, ೨೦೨೧ರಲ್ಲಿ ಹಣ ಕೊಡುವ ಸದಸ್ಯರಿಗೆ ಮರಳಿ ಕೊಟ್ಟಿತು. ತಾಣಗಳ ಷರತ್ತುಗಳು ಹೀಗೆ ಆಗಾಗ ಬದಲಾಗುವುದರಿಂದ ಖಾತೆ ತೆರೆಯುವ ದಿನ ಅವುಗಳನ್ನು ಓದಿಕೊಳ್ಳುವುದು ಒಳಿತು.

ಲಿಂಕ್ಡ್‌ಇನ್ ವಿಷಯ? ನೌಕರಿ ಕೊಡುವವರು ಓಡಾಡುವ ಜಾಗ ಅದು, ನಿಜ. ಆದರೆ ಅಲ್ಲಿ ಪ್ರೋಗ್ರಾಂನ ಸಾಲುಗಳನ್ನು ಅಂದವಾಗಿ ಕೊಟ್ಟು ವಿವರಿಸುವುದು ಕಷ್ಟ. ಇಂದು ಬರೆದದ್ದು ವಾರ ಕಳೆಯುವುದರೊಳಗೆ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಲೇಖನ ಬೇರೆಡೆ ಇದೆ, ಬನ್ನಿ ಎಂದು ಡಂಗುರ ಸಾರಲು ಅದು ಸಾಕು.

ಸ್ವಂತ ಸೂರು

ಸ್ವಂತ ತಾಣವೆಂದರೆ ಸಾವಿರಾರು ರೂಪಾಯಿ ಖರ್ಚೆಂದು ಪೋಷಕರು ಅಂಜಬೇಕಿಲ್ಲ. ೨೦೦೮ರಿಂದಲೂ ಗಿಟ್‌ಹಬ್ ಸಂಸ್ಥೆ 'ಗಿಟ್‌ಹಬ್ ಪೇಜಸ್' ಹೆಸರಿನಲ್ಲಿ ಪುಕ್ಕಟೆ ಜಾಗ ಕೊಡುತ್ತಿದೆ. ಅದೇ ವರ್ಷ ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವೆರ್ನರ್ ಬರೆದ ಜೆಕಿಲ್ ಎಂಬ ಸಾಫ್ಟ್‌ವೇರ್, ಸರಳ ಪಠ್ಯದ ಕಡತಗಳನ್ನು ಜಾಲಪುಟಗಳನ್ನಾಗಿ ಮಾಡಿಕೊಡುತ್ತದೆ. ಒಂದು ಗಿಗಾಬೈಟ್ ಮಿತಿ ಇದೆ. ಅಕ್ಷರ ಮತ್ತು ಸಣ್ಣ ಚಿತ್ರಗಳಿಗೆ ಅದು ಒಬ್ಬರ ಆಯುಷ್ಯಕ್ಕೆ ಸಾಕಾದೀತು. ಪುಕ್ಕಟೆ ಖಾತೆಯಾದರೆ ಕಡತಗಳೆಲ್ಲ ಸಾರ್ವಜನಿಕವಾಗಿ ಕಾಣುತ್ತವೆ ಎಂಬುದು ನೆನಪಿರಲಿ. ಪೂರ್ತಿ ಸ್ವಂತದ ಹೆಸರು ಬೇಕೆಂದರೆ ಡೊಮೈನಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಯಿಂದ ಸಾವಿರದ ಆಸುಪಾಸು ತಗಲುತ್ತದೆ. ಒಂದು ಪಠ್ಯಪುಸ್ತಕದ ಬೆಲೆ.

ಇಂಥ ಪುಕ್ಕಟೆ ಪುಟಗಳನ್ನು ಯಾರು ಓದುತ್ತಾರೆಂಬ ಸಂಶಯ ಸಹಜ. ೨೦೧೭ರಲ್ಲಿ ಗೂಗಲ್ ಸಂಶೋಧಕರು 'ಟ್ರಾನ್ಸ್‌ಫಾರ್ಮರ್' ಎಂಬ ವಿನ್ಯಾಸವನ್ನು ಒಂದು ಪ್ರಬಂಧದಲ್ಲಿ ಮುಂದಿಟ್ಟರು. ಇಂದಿನ ಚಾಟ್‌ಜಿಪಿಟಿಯಂಥ ವ್ಯವಸ್ಥೆಗಳಿಗೆಲ್ಲ ಮೂಲ ಅದೇ. ಪ್ರಬಂಧ ಸಾಮಾನ್ಯರಿಗೆ ಕಬ್ಬಿಣದ ಕಡಲೆ. ಜೇ ಅಲಮ್ಮಾರ್ ಎಂಬುವರು ಅದನ್ನು ಬಣ್ಣದ ಚೌಕಗಳ ಚಿತ್ರಗಳಲ್ಲಿ ಹಂತಹಂತವಾಗಿ ಬಿಡಿಸಿ ೨೦೧೮ರ ಜೂನಿನಲ್ಲಿ ತಮ್ಮ ಗಿಟ್‌ಹಬ್ ಪುಟದಲ್ಲಿ ಹಾಕಿದರು. ಸ್ಟ್ಯಾನ್‌ಫರ್ಡ್, ಎಂಐಟಿಯಂಥ ವಿಶ್ವವಿದ್ಯಾಲಯಗಳ ಪಾಠಗಳಲ್ಲಿ ಆ ಪುಟ ಬಳಕೆಯಾಯಿತು. ಹಲವು ಭಾಷೆಗಳಿಗೆ ಅನುವಾದವಾಯಿತು. ೨೦೨೪ರಲ್ಲಿ ಅವರು ಇನ್ನೊಬ್ಬರೊಡನೆ ಸೇರಿ ಬರೆದ ಪುಸ್ತಕವನ್ನು ಓ'ರೈಲಿ ಸಂಸ್ಥೆ ಪ್ರಕಟಿಸಿತು. ಅದಕ್ಕೂ ಮೊದಲು, ೨೦೧೫ರಲ್ಲಿ, ಕ್ರಿಸ್ ಓಲಾ ಎಲ್‌ಎಸ್‌ಟಿಎಂ ಜಾಲಗಳ ಬಗ್ಗೆ ಬರೆದ ಲೇಖನವೂ ಇಂಥದೇ ಪುಟದಲ್ಲಿತ್ತು. ಅದರ ಚಿತ್ರಗಳನ್ನು ನೋಡದೆ ಆ ವಿಷಯ ಕಲಿತ ವಿದ್ಯಾರ್ಥಿಗಳು ವಿರಳ. ವಿಳಾಸ ದೊಡ್ಡದಾಗಿದ್ದರಿಂದ ಇವರ ಲೇಖನ ಹರಡಿದ್ದಲ್ಲ. ಕಷ್ಟವಾದದ್ದನ್ನು ಬೇರೆ ಯಾರೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮನೆಯೂ ಇರಲಿ, ಸಂತೆಯೂ ಇರಲಿ ಎನ್ನುವವರಿಗೆ ಒಂದು ಉಪಾಯವಿದೆ. ಲೇಖನವನ್ನು ಮೊದಲು ಸ್ವಂತ ಪುಟದಲ್ಲಿ ಹಾಕಿ, ಕೆಲವು ದಿನಗಳ ನಂತರ ಡೆವ್ ಡಾಟ್ ಟು ಅಥವಾ ಮೀಡಿಯಂನಲ್ಲಿ ಮರುಪ್ರಕಟಿಸುವುದು. ಒಂದೇ ಲೇಖನ ಎರಡು ಕಡೆ ಕಂಡರೆ ಹುಡುಕುಯಂತ್ರಕ್ಕೆ ಮೂಲ ಯಾವುದೆಂಬ ಗೊಂದಲ ಹುಟ್ಟುತ್ತದೆ. ಆಗ ದೊಡ್ಡ ತಾಣದ ಪ್ರತಿಯೇ ಮೇಲೆ ಕಂಡು ಮೂಲ ಪುಟ ಮರೆಯಾಗುವ ಸಂಭವವುಂಟು. ಇದಕ್ಕಾಗಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ೨೦೦೯ರ ಫೆಬ್ರವರಿಯಲ್ಲಿ 'ಕ್ಯಾನಾನಿಕಲ್' ಎಂಬ ಗುರುತನ್ನು ಜಾರಿಗೆ ತಂದವು. ನಕಲು ಪುಟದ ಒಳಗೆ, ಓದುಗರಿಗೆ ಕಾಣದಂತೆ, 'ಇದರ ಮೂಲ ಇಂಥಲ್ಲಿದೆ' ಎಂದು ಬರೆದಿಡುವ ಒಂದು ಸಾಲು ಅದು. ಮೇಲೆ ಹೇಳಿದ ತಾಣಗಳಲ್ಲಿ ಲೇಖನದ ಸೆಟ್ಟಿಂಗ್ ಪುಟದಲ್ಲಿ ಮೂಲ ವಿಳಾಸ ತುಂಬಲು ಜಾಗವಿದೆ. ಹುಡುಕುಯಂತ್ರಗಳಿಗೆ ಅದು ಆಜ್ಞೆಯಲ್ಲ, ಸೂಚನೆ ಮಾತ್ರ. ಆದರೂ ಬಹುಪಾಲು ಅದು ಕೆಲಸ ಮಾಡುತ್ತದೆ. ಎಷ್ಟೋ ಜನ ಆ ಜಾಗವನ್ನು ಖಾಲಿ ಬಿಡುತ್ತಾರೆ.

ಸಂಪಾದಕರಿರುವ ಕಡೆ

ಫ್ರೀಕೋಡ್‌ಕ್ಯಾಂಪ್‌ನಂಥ ಕೆಲವು ಕಡೆ ಎಲ್ಲರಿಗೂ ಬರೆಯುವ ಅವಕಾಶವಿಲ್ಲ. ಅರ್ಜಿ ಹಾಕಬೇಕು, ಹಳೆಯ ಲೇಖನ ತೋರಿಸಬೇಕು, ಸಂಪಾದಕರು ತಿದ್ದಿದ್ದನ್ನು ಒಪ್ಪಬೇಕು. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗೆ ಇದರಷ್ಟು ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ಪುಕ್ಕಟೆಯಾಗಿ ಇನ್ನೊಬ್ಬರು ನಮ್ಮ ವಾಕ್ಯಗಳನ್ನು ತಿದ್ದಿಕೊಡುವುದು ಯಾವ ಕಾಲೇಜಿನಲ್ಲಿ ನಡೆಯುತ್ತದೆ? ಆದರೆ ಐದಾರು ಲೇಖನ ಸ್ವಂತವಾಗಿ ಬರೆದು ಕೈ ಪಳಗಿದ ಮೇಲೆ ಅಲ್ಲಿಗೆ ಹೋಗಬೇಕು.

ಲೇಖನಕ್ಕೆ ಸಂಭಾವನೆ ಕೊಡುವ ಸಾಫ್ಟ್‌ವೇರ್ ಕಂಪನಿಗಳೂ ಇವೆ. ಹಣ ಬಂದರೆ ಸಂತೋಷವೇ. ಸಹಿ ಹಾಕುವ ಮುನ್ನ ಹಕ್ಕು ಯಾರದೆಂದು ನೋಡಬೇಕು. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರೇ ಸಾಮಾನ್ಯವಾಗಿ ಮೊದಲ ಹಕ್ಕುದಾರರು. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು. ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ತಿಳಿಯಬೇಕೆಂದು ಆ ಕಾಯಿದೆಯ ೧೯ನೇ ಕಲಮು ಹೇಳುತ್ತದೆ. ಆದರೆ ಹೊರದೇಶದ ಕಂಪನಿಯ ಒಪ್ಪಂದ ತನ್ನ ದೇಶದ ಕಾನೂನಿನ ಹೆಸರು ಹೇಳಬಹುದು, ಎಲ್ಲ ಹಕ್ಕನ್ನೂ ಶಾಶ್ವತವಾಗಿ ಬರೆಸಿಕೊಳ್ಳಬಹುದು. ಹಾಗಿದ್ದರೆ ಆ ಲೇಖನವನ್ನು ನಿಮ್ಮ ಪುಟದಲ್ಲಿ ಮತ್ತೆ ಹಾಕುವಂತಿಲ್ಲ. ಬಳಸಿಕೊಳ್ಳಲು ಅನುಮತಿ ಕೊಡುವುದು ಬೇರೆ, ಹಕ್ಕನ್ನೇ ಬಿಟ್ಟುಕೊಡುವುದು ಬೇರೆ.

ನೌಕರಿಗೆ ಸೇರಿದ ಮೇಲೆ ಇನ್ನೊಂದು ತೊಡಕು. ನೌಕರಿಯ ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರೇ ಮೊದಲ ಹಕ್ಕುದಾರರು. ಕಚೇರಿಯ ಪ್ರೋಗ್ರಾಂನ ಸಾಲುಗಳನ್ನು ಲೇಖನದಲ್ಲಿ ಅಂಟಿಸುವುದು, ಗುಪ್ತಸಂಕೇತ ಕಾಣುವ ಪರದೆಯ ಚಿತ್ರ ಹಾಕುವುದು ನೌಕರಿಗೇ ಕುತ್ತು ತಂದೀತು. ಅದೇ ದೋಷವನ್ನು ತೋರಿಸುವ ಇಪ್ಪತ್ತು ಸಾಲಿನ ಬೇರೆ ಉದಾಹರಣೆ ಕಟ್ಟಿಕೊಂಡು ಬರೆಯುವುದೇ ಕ್ಷೇಮ. ಓದುಗರಿಗೂ ಅದೇ ಚೆನ್ನಾಗಿ ಅರ್ಥವಾಗುತ್ತದೆ.

ಅಂದಹಾಗೆ, 'ಅಂತರರಾಷ್ಟ್ರೀಯ ಜರ್ನಲ್' ಎಂದು ಹೆಸರಿಟ್ಟುಕೊಂಡು ವಿದ್ಯಾರ್ಥಿಗಳಿಂದ ಹಣ ಪಡೆದು ಎರಡೇ ದಿನದಲ್ಲಿ ಪ್ರಬಂಧ ಪ್ರಕಟಿಸಿ ಪ್ರಮಾಣಪತ್ರ ಕಳಿಸುವ ವ್ಯಾಪಾರವೊಂದಿದೆ. ಅದಕ್ಕೆ ಮನೆಯಿಂದ ದುಡ್ಡು ಕೇಳಿದರೆ ತಂದೆ-ತಾಯಿಯರು ಧಾರಾಳವಾಗಿ ಇಲ್ಲವೆನ್ನಬಹುದು.

೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಕ್ಷೇತ್ರದ ಚಹರೆಯೇ ಬದಲಾಯಿತು. ಮರುತಿಂಗಳೇ ಸ್ಟ್ಯಾಕ್ ಓವರ್‌ಫ್ಲೋ ಯಂತ್ರ ಬರೆದ ಉತ್ತರಗಳನ್ನು ನಿಷೇಧಿಸಬೇಕಾಯಿತು. ಪೈಥಾನ್‌ನಲ್ಲಿ ಪಟ್ಟಿ ಮಾಡುವುದು ಹೇಗೆ ಎಂಬಂಥ ಲೇಖನಕ್ಕೆ ಈಗ ಎಲ್ಲಿ ಪ್ರಕಟಿಸಿದರೂ ಬೆಲೆ ಇಲ್ಲ, ಯಂತ್ರವೇ ಅದನ್ನು ಹೇಳುತ್ತದೆ. 'ನಮ್ಮ ಕಾಲೇಜಿನ ಗ್ರಂಥಾಲಯದ ಹಳೆಯ ಗಣಕದಲ್ಲಿ ಈ ಸಾಫ್ಟ್‌ವೇರ್ ಹಾಕಿದಾಗ ಹೀಗಾಯಿತು, ಕಾರಣ ಇದು' ಎಂಬ ಬರಹಕ್ಕೆ ಈಗಲೂ ಓದುಗರಿದ್ದಾರೆ.

ಕನ್ನಡದಲ್ಲಿ ಬರೆಯುವವರಿಗೆ

ಇಂಗ್ಲಿಷಿನಲ್ಲಿಯೇ ಬರೆಯಬೇಕೆಂಬ ಕಟ್ಟಳೆ ಏನಿಲ್ಲ. ಯು.ಬಿ. ಪವನಜ ಅವರ ವಿಶ್ವಕನ್ನಡ ೧೯೯೬ರಲ್ಲೇ ಜಾಲಕ್ಕೆ ಬಂದಿತ್ತು. ಟಿ.ಜಿ. ಶ್ರೀನಿಧಿ ಅವರ ಇಜ್ಞಾನ ೨೦೦೭ರಿಂದ ವಿಜ್ಞಾನ-ತಂತ್ರಜ್ಞಾನವನ್ನು ಕನ್ನಡದಲ್ಲಿ ಕೊಡುತ್ತ ಬಂದಿದೆ. ಆದರೆ ಪ್ರೋಗ್ರಾಮಿಂಗಿನ ಒಳಹೊರಗನ್ನು ಕನ್ನಡದಲ್ಲಿ ಹೇಳುವ ಬರಹಗಳು ಇಂದಿಗೂ ಬೆರಳೆಣಿಕೆಯಷ್ಟು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಡಿಪ್ಲೊಮಾಕ್ಕೆ ಸೇರುವ ಮಕ್ಕಳಿಗೆ ಅವುಗಳ ಅಗತ್ಯ ಎಷ್ಟೆಂದು ಪಾಠ ಮಾಡುವ ಮೇಷ್ಟ್ರುಗಳನ್ನು ಕೇಳಬೇಕು. ಒಂದು ಸಣ್ಣ ಎಚ್ಚರಿಕೆ: ಶೀರ್ಷಿಕೆ ಕನ್ನಡದಲ್ಲಿದ್ದರೆ ಕೆಲವು ತಾಣಗಳು ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತವೆ. ಅದನ್ನು ನಕಲು ಮಾಡಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ರೈಲುಬಂಡಿಯಾಗಿ ಕಾಣುತ್ತದೆ. ಪ್ರಕಟಿಸುವ ಮುನ್ನ ವಿಳಾಸದ ಜಾಗದಲ್ಲಿ ರೋಮನ್ ಅಕ್ಷರದ ಎರಡು ಪದ ಕೊಟ್ಟರೆ ತೊಂದರೆ ತಪ್ಪುತ್ತದೆ.

ಎಲ್ಲಿ ಬರೆದರೂ ಮೂಲಪ್ರತಿ ಸರಳ ಪಠ್ಯದ ಕಡತವಾಗಿ, ಚಿತ್ರಗಳ ಸಮೇತ, ಮನೆಯ ಗಣಕದಲ್ಲಿರಬೇಕು. ೨೦೦೪ರಲ್ಲಿ ಜಾನ್ ಗ್ರೂಬರ್ ರೂಪಿಸಿದ ಮಾರ್ಕ್‌ಡೌನ್ ಎಂಬ ಬರೆಯುವ ಕ್ರಮ ಇದಕ್ಕೆ ಅನುಕೂಲ. ಜೆಕಿಲ್‌ಗೂ ಡೆವ್ ಡಾಟ್ ಟು, ಹ್ಯಾಶ್‌ನೋಡ್‌ಗಳಿಗೂ ಅದೇ ಕಡತ ನಡೆಯುತ್ತದೆ. ಡೊಮೈನನ್ನು ವಿದ್ಯಾರ್ಥಿಯ ಸ್ವಂತ ಹೆಸರಿನಲ್ಲಿ ನೋಂದಾಯಿಸಿ, ಸ್ನೇಹಿತನ ಹೆಸರಿನಲ್ಲಿ ಬೇಡ. ಖಾತೆಗೆ ಕಾಲೇಜು ಕೊಟ್ಟ ಇ-ಮೇಲ್ ವಿಳಾಸವನ್ನೂ ಕೊಡಬೇಡಿ. ಓದು ಮುಗಿದ ಮೇಲೆ ಅದನ್ನು ನಿಲ್ಲಿಸುವ ಕಾಲೇಜುಗಳುಂಟು; ಆಗ ನವೀಕರಣದ ಸೂಚನೆ ಬಂದದ್ದೇ ತಿಳಿಯದೆ, ಗಡುವು ಮೀರಿದ ಹೆಸರನ್ನು ಇನ್ನಾರೋ ಕೊಂಡುಬಿಡುತ್ತಾರೆ.