ಬೋರ್ಡಿನಲ್ಲಿ ಏನು ಬರೆಸ್ತೀಯಾ?

ಎಂ.ಡಿ. ಸೀಟು ಸಿಕ್ಕಿತೆಂದು ಅಪ್ಪ ಪೇಡ ತಂದಿದ್ದರು. ‘ಯಾವ ವಿಭಾಗ?’ ಎಂದರು. ‘ಕಮ್ಯುನಿಟಿ ಮೆಡಿಸಿನ್’ ಎಂದೆ. ‘ಕ್ಲಿನಿಕ್ ಬೋರ್ಡಿನಲ್ಲಿ ಏನು ಬರೆಸ್ತೀಯಾ?’ ಉತ್ತರ ನನ್ನಲ್ಲೂ ಇರಲಿಲ್ಲ. ನಿಜ ಹೇಳಬೇಕೆಂದರೆ, ನೀಟ್ ಪಿ.ಜಿ.ಯಲ್ಲಿ ಬಂದ ರ‍್ಯಾಂಕಿಗೆ ಬೇರೇನೂ ಸಿಗುತ್ತಿರಲಿಲ್ಲ. ಎಂಬಿಬಿಎಸ್‌ನಲ್ಲಿ ಈ ವಿಷಯದ ತರಗತಿಗೆ ಚಕ್ಕರ್ ಹೊಡೆದು ಕ್ಯಾಂಟೀನಿನಲ್ಲಿ ಕೂರುತ್ತಿದ್ದವಳು ನಾನು.

ಮೊದಲ ವರ್ಷವೇ ಗ್ರಾಮೀಣ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಆ ಮಳೆಗಾಲದಲ್ಲಿ ಪಕ್ಕದ ಹಳ್ಳಿಯಲ್ಲಿ ವಾಂತಿಭೇದಿ ಶುರುವಾಯಿತು. ಡ್ರಿಪ್ ಹಾಕುವ ಕೆಲಸ ಗೆಳತಿಯದು. ನನ್ನ ಕೈಗೆ ಬಂದದ್ದು ಬಿಳಿ ಹಾಳೆ, ಕೆಂಪು ಪೆನ್ನು. ಆಶಾ ಕಾರ್ಯಕರ್ತೆಯೊಂದಿಗೆ ಮನೆಮನೆ ಸುತ್ತಿ, ಊರಿನ ನಕ್ಷೆ ಬರೆದು, ಕಾಯಿಲೆ ಬಿದ್ದ ಮನೆಗಳಿಗೆ ಚುಕ್ಕಿ ಇಡಬೇಕಿತ್ತು.

1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯ ಸಾವುಗಳ ಜಾಡು ಹಿಡಿದು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿಗೆ ಬಂದು ನಿಂತಿದ್ದ. ಅವನ ಮಾತಿನಂತೆ ಪಂಪಿನ ಹಿಡಿಯನ್ನೇ ಕಳಚಿದರು. ನನಗದು ಪರೀಕ್ಷೆಗೆ ಉರು ಹೊಡೆದ ಕತೆ ಅಷ್ಟೆ. ಆದರೆ ಅಂದು ಸಂಜೆ ನನ್ನ ಹಾಳೆಯಲ್ಲೂ ಚುಕ್ಕಿಗಳು ಒಂದೇ ಬಾವಿಯ ಸುತ್ತ ಗುಂಪುಗೂಡಿದ್ದವು. ಮೈ ಜುಮ್ಮೆಂದಿತು.

ಬಾವಿಯ ಕಟ್ಟೆ ಒಡೆದು ಬೀದಿಯ ಮಳೆನೀರು ಒಳಗಿಳಿಯುತ್ತಿತ್ತು. ನೀರಿಗೆ ಆರ್ಥೋಟಾಲಿಡಿನ್ ಹನಿಸಿದೆವು. ಕ್ಲೋರಿನ್ ಇದ್ದರೆ ಹಳದಿಯಾಗಬೇಕು, ಆಗಲಿಲ್ಲ. ಬಾವಿಯ ಅಗಲ, ನೀರಿನ ಆಳ ಅಳೆದು, ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಬೆರೆಸಿದೆವು. ಒಂದು ಗಂಟೆ ಬಿಟ್ಟು ನೋಡಿದರೆ ಹಳದಿ! ವಾರದೊಳಗೆ ಹೊಸ ರೋಗಿಗಳು ಬರುವುದು ನಿಂತಿತು. ಊರವರು ಗೆಳತಿಗೆ ಎಳನೀರು ಕೊಟ್ಟರು. ನನಗೆ ಸಿಕ್ಕಿದ್ದು ‘ನೀರೆಲ್ಲ ವಾಸನೆ ಮಾಡಿಟ್ಟೆಯಲ್ಲೇ’ ಎಂಬ ಅಜ್ಜಿಯೊಬ್ಬರ ಬೈಗುಳ. ಬರದೇ ಹೋದ ಕಾಯಿಲೆಗೆ ಯಾರು ತಾನೇ ಥ್ಯಾಂಕ್ಸ್ ಹೇಳುತ್ತಾರೆ?

ಇದು ಮೂರು ವರ್ಷದ ಕೋರ್ಸ್. ಲಸಿಕೆ, ಸಾಂಕ್ರಾಮಿಕಗಳ ಜೊತೆ ಸಂಖ್ಯಾಶಾಸ್ತ್ರವನ್ನೂ ಕಲಿಯಬೇಕು (ಗಣಿತ ತಪ್ಪಿಸಿಕೊಳ್ಳಲೆಂದೇ ಡಾಕ್ಟರಾದವರು ಗಮನಿಸಿ). ಮುಂದೆ ವೈದ್ಯಕೀಯ ಕಾಲೇಜು, ಆರೋಗ್ಯ ಇಲಾಖೆ, ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸವಿದೆ. ವೈದ್ಯರಲ್ಲದ ಪದವೀಧರರೂ ಎಂ.ಪಿ.ಎಚ್. ಓದಿ ಈ ಕ್ಷೇತ್ರಕ್ಕೆ ಬರಬಹುದು. ಸ್ವಂತ ಕ್ಲಿನಿಕ್ಕಿನ ಗಳಿಕೆಯ ಕನಸಿದ್ದರೆ ಮಾತ್ರ ಎರಡು ಸಲ ಯೋಚಿಸಿ. ಗೆಳತಿಯ ಹೊಸ ಕಾರು ಕಂಡಾಗ ನನಗೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಬೋರ್ಡಿನ ವಿಷಯ ಎತ್ತಲಿಲ್ಲ. ‘ನಮ್ಮ ಬಾವಿಗೆ ಎಷ್ಟು ಪೌಡರ್ ಹಾಕಬೇಕು?’ ಎಂದರು. ಮೊದಲು ಆಳ ಅಳೆದು ಹೇಳಿ ಎಂದೆ.