ಗಣಕದ ತೆರೆಯ ಮೇಲೊಂದು ರಣರಂಗ

ಚದುರಂಗದಲ್ಲಿ ಒಬ್ಬನು ಕಾಯಿ ನಡೆಸುವವರೆಗೆ ಇನ್ನೊಬ್ಬನು ಕಾದಿರುತ್ತಾನೆ. ಎದುರಾಳಿಯ ಬಲವೆಲ್ಲ ಕಣ್ಣ ಮುಂದೆಯೇ ಇರುತ್ತದೆ. ನಿಜವಾದ ಯುದ್ಧದಲ್ಲಿ ಈ ಎರಡು ಸೌಕರ್ಯಗಳೂ ಇಲ್ಲ. ಇವೆರಡನ್ನೂ ತೆಗೆದುಹಾಕಿ ರಚಿಸಿದ ಗಣಕಕ್ರೀಡೆಗಳಲ್ಲಿ ಬಹು ಪ್ರಸಿದ್ಧವಾದುದು, 1998ರಲ್ಲಿ ಅಮೆರಿಕದ ಬ್ಲಿಝರ್ಡ್ ಸಂಸ್ಥೆಯವರು ಹೊರತಂದ ‘ಸ್ಟಾರ್‌ಕ್ರಾಫ್ಟ್’.

ದೂರದ ನಕ್ಷತ್ರಲೋಕದಲ್ಲಿ ಮೂರು ಕುಲಗಳು ಹೋರಾಡುತ್ತವೆ: ಭೂಮಿಯಿಂದ ಹೋದ ಟೆರನ್ನರು, ಹಿಂಡುಹಿಂಡಾಗಿ ಮುತ್ತುವ ಝರ್ಗ್‌ಗಳು, ಯಂತ್ರವಿದ್ಯಾಪಾರಂಗತರಾದ ಪ್ರೋಟಾಸ್‌ಗಳು. ಆಟಗಾರನಿಗೆ ಮೊದಲು ದೊರೆಯುವುದು 4 ಮಂದಿ ಕೆಲಸಗಾರರು, 50 ಪಾಲು ಖನಿಜ. ಇನ್ನೊಬ್ಬ ಕೆಲಸಗಾರನಿಗೆ ತಗಲುವ ವೆಚ್ಚವೂ 50. ಕೆಲಸಗಾರರು ಹೆಚ್ಚಿದಷ್ಟೂ ಖನಿಜ ಬೇಗ ಕೂಡುತ್ತದೆ. ಆದರೆ ಅಷ್ಟರಲ್ಲಿ ಶತ್ರು ಬಂದರೆ ತಡೆಯಲು ಸೈನಿಕರಿಲ್ಲ. ಬೀಜದ ಬತ್ತವನ್ನು ಬಿತ್ತಬೇಕೆ, ಉಣ್ಣಬೇಕೆ ಎಂಬ ರೈತನ ಪ್ರಶ್ನೆಯೇ ಇದು. ಶತ್ರುವಿನ ನೆಲವಾದರೋ ಕತ್ತಲೆಯಿಂದ ಮುಚ್ಚಿರುತ್ತದೆ. ನಮ್ಮವರು ಹೋದಲ್ಲಿ ಮಾತ್ರ ಬೆಳಕು.

ಇಂಥ ಕತ್ತಲೆಯ ಬೆಲೆ ಎಷ್ಟೆಂಬುದನ್ನು ನಮ್ಮ ಮಂಡ್ಯದ ನೆಲವೇ ಹೇಳುತ್ತದೆ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಮೇಲೆ ದಂಡೆತ್ತಿ ಅರಕೆರೆಗೆ ಬಂದನು. ಕಾಳಗದಲ್ಲಿ ಮೇಲುಗೈಯಾದರೂ ಎತ್ತುಗಳು ಮೇವಿಲ್ಲದೆ ಸತ್ತವು, ದವಸ ತೀರಿತು, ಕಾವೇರಿ ಏರಿತು. ತೋಪುಗಳನ್ನು ಎಳೆಯುವವರಿಲ್ಲದೆ, ಕನ್ನಂಬಾಡಿಯ ಬಳಿ ಅವುಗಳನ್ನು ತಾನೇ ಹಾಳುಗೆಡವಿ ಹಿಮ್ಮೆಟ್ಟಿದನು. ಕೆಲವೇ ದಿನಗಳಲ್ಲಿ, ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಡೆ, ಸಮೃದ್ಧವಾದ ಸಾಮಗ್ರಿಯೊಡನೆ ಬರುತ್ತಿದ್ದ ಮಿತ್ರರಾದ ಮರಾಠರ ಸೈನ್ಯವು ಅವನನ್ನು ಕೂಡಿಕೊಂಡಿತು! ಮೈಸೂರಿನ ಕುದುರೆ ಸವಾರರು ದೂತರನ್ನು ತಡೆದುದರಿಂದ ಅದು ಸಮೀಪದಲ್ಲಿದ್ದುದೇ ಅವನಿಗೆ ತಿಳಿದಿರಲಿಲ್ಲ.

ಇನ್ನು ಗಣಿತವನ್ನು ನೋಡೋಣ. 1916ರಲ್ಲಿ ಆಂಗ್ಲ ಎಂಜಿನಿಯರ್ ಲ್ಯಾಂಚೆಸ್ಟರ್ ಒಂದು ನಿಯಮವನ್ನು ಪ್ರಕಟಿಸಿದನು: ಸಮಾನ ಆಯುಧವುಳ್ಳ ಎಲ್ಲರೂ ಒಮ್ಮೆಗೇ ಗುಂಡು ಹಾರಿಸಬಲ್ಲವರಾದರೆ, ಪಡೆಯ ಬಲವು ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಹೆಚ್ಚು ಮಂದಿಯಿದ್ದರೆ ಹೊಡೆತಗಳೂ ಹೆಚ್ಚು, ತಲೆಗೊಂದರಂತೆ ಬೀಳುವ ಪೆಟ್ಟೂ ಕಡಿಮೆಯಲ್ಲವೆ? 10 ಮಂದಿಯನ್ನು 8 ಮಂದಿ ಎದುರಿಸಿದರೆ 100ರಲ್ಲಿ 64 ಕಳೆದು 36; ಅದರ ವರ್ಗಮೂಲ 6. ಎಂಟೂ ಮಂದಿ ಅಳಿದಾಗ ಎದುರು ಪಕ್ಷದಲ್ಲಿ 6 ಮಂದಿ ಉಳಿದಿರುತ್ತಾರೆ. ಆದರೆ ಆ ಹತ್ತು ಮಂದಿ 6 ಮತ್ತು 4ರಂತೆ ಬೇರೆಬೇರೆಯಾಗಿ ಬಂದರೆ ಅವರ ಬಲ 36ಕ್ಕೆ 16 ಕೂಡಿ 52 ಮಾತ್ರ. ಎಂಟು ಮಂದಿಯೇ ಗೆಲ್ಲುತ್ತಾರೆ. ಸ್ಟಾರ್‌ಕ್ರಾಫ್ಟಿನಲ್ಲಿ ನುರಿತವರು ಸೈನ್ಯವನ್ನು ಚದರಗೊಡದಿರುವುದು ಇದಕ್ಕಾಗಿಯೇ. ಇಕ್ಕಟ್ಟಾದ ದಾರಿಯಲ್ಲಿ ಎಲ್ಲರೂ ಒಟ್ಟಿಗೆ ಹೋರಾಡಲಾರರು. ಅಲ್ಲಿ ಈ ನಿಯಮವೂ ನಿಲ್ಲದು.

2019ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ‘ಆಲ್ಫಾಸ್ಟಾರ್’ ಎಂಬ ಕ್ರಮವಿಧಿಯು, ಈ ಆಟದ ಎರಡನೆಯ ಆವೃತ್ತಿಯಲ್ಲಿ ನೂರಕ್ಕೆ 99.8ರಷ್ಟು ಆಟಗಾರರನ್ನು ಮೀರಿಸುವ ಮಟ್ಟಕ್ಕೇರಿತು. ಮೊದಲು ಮಾನವರ ಆಟಗಳನ್ನು ಅನುಕರಿಸಿ, ಬಳಿಕ ತನ್ನ ಪ್ರತಿರೂಪಗಳೊಡನೆಯೇ ಅಸಂಖ್ಯಾತ ಬಾರಿ ಆಡಿ ಅದು ಕಲಿಯಿತು.

ಹಾಗೆ ಸೋತು ಕಲಿಯುವ ಅವಕಾಶವು ಯಂತ್ರಕ್ಕುಂಟು. ಕಾರ್ನ್‌ವಾಲಿಸನು 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದನು. ಮೊದಲ ಸಲ ಸತ್ತ ಸಿಪಾಯಿಗಳೂ ಎತ್ತುಗಳೂ ಮಾತ್ರ ಮರಳಿ ಬರಲಿಲ್ಲ.